ನಾಯಿಗೂ ಶ್ರಾವಣ

ಶ್ರಾವಣ ಬಂತೆಂದರೆ ಬಂದರಿನ ಮೇಲಿನ ಸಡಾ ಗುಡ್ಡದ ನಮ್ಮ ಮನೆಯೊಳಗೆ ಮೊಟ್ಟೆ ಕೂಡ ಬರುವಂತಿಲ್ಲ. ಅದು ನನ್ನ ಗಂಡನ ಕಟ್ಟಪ್ಪಣೆ. ಆ ವರ್ಷ ಅವರು ನಾಯಿಗೂ ಶ್ರಾವಣ ಹಿಡಿಸಿದರು.

ಅಲ್ಲಿಯವರೆಗೆ ನಾನು ಅಗ್ಗದ ಮೀನಿನ ತಲೆಗಳನ್ನು ಅನ್ನದ ಜೊತೆ ಬೇಯಿಸಿ ಹಾಕುತ್ತಿದ್ದೆ. ನಾಯಿ ಅದನ್ನೇ ತಿಂದು ಮೈತುಂಬಿಕೊಂಡಿತ್ತು. ಈಗ ಗಂಡ ಅಂಗಡಿಯಲ್ಲಿ ನಿಂತು ನಾಯಿ ತಿಂಡಿಯ ಒಂದೊಂದೇ ಚೀಲವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಹೆಣ್ಣು ನೋಡಲು ಬಂದಾಗ ನನ್ನನ್ನೂ ಅಷ್ಟು ಹೊತ್ತು ನೋಡಿರಲಿಲ್ಲ. ಕೊನೆಗೆ ಹಸಿರು ಚುಕ್ಕಿಯ ಚೀಲವೊಂದನ್ನು ಹೊತ್ತು ತಂದರು.

“ಬೆಲಿನೂ ಕಡಿಮಿ, ಮಾಲೂ ಚಲೋ ಐತಿ” ಎಂದರು.

“ಒಳಗ ಏನೈತ್ರಿ?”

“ಗೋವಿನಜೋಳ, ಸೋಯಾ, ಎಲ್ಲಾ ಐತಿ.”

“ಹಂಗಾರ ನಮ್ಮ ರೊಟ್ಟಿ, ಬ್ಯಾಳಿನ ಹಾಕಬಹುದಿತ್ತಲ್ರಿ.”

“ರೊಟ್ಟಿ ತಿಂದ್ರ ಶಕ್ತಿ ಎಲ್ಲಿಂದ ಬರತೈತಿ?”

ಹುಟ್ಟಿದಾಗಿನಿಂದ ರೊಟ್ಟಿ ತಿಂದು, ಬಂದರಿನಲ್ಲಿ ದಿನವಿಡೀ ಮೂಟೆ ಹೊರುವ ಮನುಷ್ಯ ಕೇಳಿದ ಪ್ರಶ್ನೆ ಇದು.

ನಾಯಿ ಆ ಕಾಳುಗಳನ್ನು ಮೂಸಿ ನೋಡಿ, ಗುಡ್ಡ ಇಳಿದು ಹೋಯಿತು. ಕೆಳಗೆ ರಸ್ತೆಯ ಬದಿಯಲ್ಲಿ ಮೀನು ಹುರಿಯುವ ಗಾಡಿ ಇದೆ. ಸಂಜೆ ತಿರುಗಿ ಬಂದಾಗ ಅದರ ಮೂತಿಯ ತುಂಬ ಹುರಿದ ಬಂಗಡೆಯ ವಾಸನೆ. ಬೆನ್ನಿಗೇ ಗಂಡನೂ ಬಂದರು. ರೊಟ್ಟಿ ತಟ್ಟುತ್ತಿದ್ದ ನನ್ನನ್ನು ನೋಡಿ, “ಇವತ್ತ ಯಾಕೋ ಹಸಿವಿಲ್ಲ” ಎಂದರು.

“ಪಾಪ, ನಾಯಿಗೂ ಹಸಿವಿಲ್ರಿ” ಎಂದೆ. “ಇಬ್ಬರೂ ಬಾಯಿ ತೊಳಕೊಂಡು ಒಳಗ ಬರ್ರಿ.”