ಚೀಲದಲ್ಲಿ ಬಂದ ಏಳು ಪದಕ

ಮ್ಯೂಸಿಯಂನ ಹಿಂಬದಿಯ ಉಗ್ರಾಣದಲ್ಲಿ ಕೆಲಸ ಮಾಡುವ ಆಕೆಯನ್ನು ಎಲ್ಲರೂ ಕರೆಯುವುದು ‘ಸೂಜಿ ಅಕ್ಕ’ ಎಂದೇ. ಮೊದಲು ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿದ್ದಳು. ಅಲ್ಲಿ ಒಮ್ಮೆ ಒಬ್ಬ ಸೈನಿಕನ ಪದಕದ ರಿಬ್ಬನ್ ಕೊಳೆಯಾಗಿದೆಯೆಂದು ಸೋಪಿನ ನೀರಿಗೆ ಹಾಕಿದಳು. ಕೆಂಪು ಬಣ್ಣ ಬಿಳಿ ಪಟ್ಟಿಗೆ ಹರಡಿಕೊಂಡಿತು. ಆತ ಬೈಯಲಿಲ್ಲ, ಸುಮ್ಮನೆ ನೋಡಿ ಹೊರಟುಹೋದ. ಬೈದಿದ್ದರೆ ಮರೆತುಬಿಡುತ್ತಿದ್ದಳೋ ಏನೋ. ಆಮೇಲೆ ಹಟ ಹಿಡಿದು ಕೂತು, ಹಳೆಯ ಬಟ್ಟೆ, ಪದಕಗಳನ್ನು ಕೆಡದಂತೆ ಉಳಿಸುವ ಈ ಕೆಲಸ ಕಲಿತಳು.

ಕಳೆದ ವರ್ಷ ಒಬ್ಬ ಶಾಲಾ ಶಿಕ್ಷಕಿ ಮುಖ ಸಣ್ಣಗೆ ಮಾಡಿಕೊಂಡು ಉಗ್ರಾಣದ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಒಳಗೆ ಅಗ್ನಿಶಾಮಕ ದಳದಲ್ಲಿದ್ದ ಅವಳಪ್ಪನ ಏಳು ಪದಕ. ಬಟ್ಟೆಯ ನಡುವೆ ಇಡುವ ನುಸಿಗುಳಿಗೆ ತಾಗಿ ಚೀಲ ಮೆತ್ತಗಾಗಿ ರಿಬ್ಬನ್ನುಗಳಿಗೆ ಅಂಟಿತ್ತು. ಲೋಹಕ್ಕೆಲ್ಲ ಹಸಿರು ಕಿಲುಬು. ಒಂದು ರಿಬ್ಬನ್ನಿನಲ್ಲಿ ಹುಳು ತಿಂದ ತೂತು.

“ಮನೆ ಬದಲಾಯಿಸಿದಾಗ ಬಿಚ್ಚಿಯೂ ನೋಡದೆ ಬಚ್ಚಲಿನ ಪಕ್ಕದ ಕಪಾಟಿಗೆ ತುರುಕಿದ್ದೆ ಅಕ್ಕ. ಅಪ್ಪನಿಗೆ ಈಗ ಕಣ್ಣು ಕಾಣಲ್ಲ. ಒಂದ್ಸಲ ಕೈಗೆ ಕೊಡು ಅಂತಾರೆ. ಪಾಲಿಶ್ ಹಾಕಿ ಉಜ್ಜಿಬಿಡ್ಲಾ?”

“ಕೈ ಮುಗೀತೀನಿ, ಉಜ್ಜಬೇಡಮ್ಮ! ಅಂಚಲ್ಲಿ ಕೆತ್ತಿರೋ ಹೆಸರೂ ಸವೆದುಹೋಗುತ್ತೆ. ಒಂದು ತಿಂಗಳು ನನಗೆ ಬಿಡು.”

ತೆಳು ಕಡ್ಡಿಯಿಂದ ಉಗುರಿನಷ್ಟು ಉಗುರಿನಷ್ಟೇ ಪ್ಲಾಸ್ಟಿಕ್ ಬಿಡಿಸುವಷ್ಟರಲ್ಲಿ ಸೂಜಿ ಅಕ್ಕನ ಕುತ್ತಿಗೆ ಹಿಡಿದುಕೊಂಡಿತು. ಹುಳದ ಮೊಟ್ಟೆ ಸಾಯಲೆಂದು ರಿಬ್ಬನ್ನುಗಳನ್ನು ಗಾಳಿಯಾಡದಂತೆ ಮುಚ್ಚಿ ಎರಡು ವಾರ ಫ್ರೀಜರಿನಲ್ಲಿಟ್ಟಳು. ತೂತಿನ ಹಿಂದೆ ಅದೇ ಬಣ್ಣದ ರೇಷ್ಮೆ ಚೂರು ಕೊಟ್ಟು ಕೂದಲೆಳೆಯಂಥ ದಾರದಲ್ಲಿ ಹೊಲಿದಳು. ಕಿಲುಬನ್ನು ಮೆಲ್ಲಗೆ ಬಿಡಿಸಿದಾಗ ಅಂಚಿನ ಹೆಸರು ಒಂದಕ್ಷರವೂ ಅಳಿಯದೆ ಸಿಕ್ಕಿತು. ಅಬ್ಬಾ ಎಂದು ಕುರ್ಚಿಗೆ ಒರಗಿದಳು. ಬಟ್ಟೆ, ಲೋಹ ಕೆಡಿಸದ, ಆಮ್ಲವಿಲ್ಲದ ಕಾಗದದಲ್ಲಿ ಒಂದೊಂದನ್ನೂ ಬೇರೆಬೇರೆ ಸುತ್ತಿ, ರಿಬ್ಬನ್ ಮಡಚಿಕೊಳ್ಳದಂತೆ ಪೆಟ್ಟಿಗೆಯಲ್ಲಿ ಮಲಗಿಸಿದಳು.

“ನೀವೂ ಬನ್ನಿ ಅಕ್ಕ, ಒಬ್ಬಳಿಗೇ ಧೈರ್ಯ ಸಾಲದು” ಎಂದಳು ಶಿಕ್ಷಕಿ. ಇಬ್ಬರೂ ಅವಳ ಮನೆಗೆ ಹೋದರು.

ಅವಳ ಮುದಿ ಅಪ್ಪ ಕಿಟಕಿಯ ಬಳಿ ಕೂತಿದ್ದರು. ಬೆವರು ತಾಗದಂತೆ ಪದಕವನ್ನು ಕೈಗವಸು ಹಾಕಿಯೇ ಮುಟ್ಟಬೇಕು; ಆದರೆ ಕೈಗವಸು ತೊಡಿಸಿದರೆ ಅವರಿಗೆ ಏನು ತಿಳಿಯುತ್ತದೆ? “ಸೋಪು ಹಾಕಿ ಕೈ ತೊಳೆದು ಒರೆಸಿಕೊಳ್ಳಿ, ಸಾಕು” ಎಂದಳು ಸೂಜಿ ಅಕ್ಕ.

ಅವರು ಒಂದನ್ನು ಸವರಿದರು. “ಇದು ಹತ್ತಿ ಗೋದಾಮಿನ ಬೆಂಕೀದು.” ಇನ್ನೊಂದರ ಮೇಲೆ ಬೆರಳು ನಿಂತಿತು. “ಇಲ್ಲೇನೋ ಹೊಲಿಗೆ ಇದೆಯಲ್ಲ?”

ಮಗಳು ಗಳಗಳನೆ ಅತ್ತು ಎಲ್ಲ ಹೇಳಿಬಿಟ್ಟಳು. ಅಪ್ಪ ತಡವಿ ಅವಳ ಕೈ ಹಿಡಿದುಕೊಂಡರು. “ಪೆಟ್ಟಿಗೆ ಭಾರ ಅಂತ ಚೀಲಕ್ಕೆ ಹಾಕಿದ್ದು ನಾನೇ ಕಣೇ. ಗುಳಿಗೆ ಹಾಕಿದ್ದೂ ನಾನೇ, ಒಂದಲ್ಲ, ಒಂದು ಹಿಡಿ! ಹಾಳಾಗಿದ್ರೆ ನೀನು ಬೈತೀಯ ಅಂತ ಹೆದರಿಕೊಂಡಿದ್ದೆ.”

“ಅಪ್ಪಾ!” ಅಳುತ್ತಲೇ ಅವಳಿಗೆ ನಗು ಬಂತು. ಮುಖ ಒರೆಸಿಕೊಂಡು ಅಪ್ಪನ ಪಕ್ಕ ನೆಲದ ಮೇಲೇ ಕೂತಳು.

“ಬಿಸಿಲು, ತೇವ ಎರಡೂ ತಾಗದ ಜಾಗ ಬೇಕು” ಎಂದಳು ಸೂಜಿ ಅಕ್ಕ. ಮಲಗುವ ಕೋಣೆಯ ಕಪಾಟಿನಲ್ಲಿ ಯಾರ ಬಟ್ಟೆ ತೆಗೆದು ಪೆಟ್ಟಿಗೆ ಇಡಬೇಕು ಎಂದು ಅಪ್ಪ ಮಗಳು ಆಗಲೇ ಜಗಳಕ್ಕೆ ನಿಂತಿದ್ದರು.