ಗಂಡನ ಹೆಸರು ಹೇಳಿದ ತಪ್ಪಿಗೆ

ಹೊಳೆಮ್ಮನನ್ನು ಮೊದಲು ಕಂಡಾಗ ಅವರೇ ಕಾರ್ಮಿಕ ಸಂಘದ ಮುಂದಾಳು ಅಂದುಕೊಂಡೆ. ಯಶವಂತನಗರದಲ್ಲಿ ಸಂಘದ ತಗಡಿನ ಕಚೇರಿ; ಬಾಗಿಲ ಪಕ್ಕದ ಕಲ್ಲಿನ ಮೇಲೆ, ಬಾವುಟದ ಕೆಳಗೇ, ತೊಡೆಯ ಮೇಲೆ ಸುತ್ತಿಗೆ ಇಟ್ಟುಕೊಂಡು ಕೂತಿದ್ದರು. ಕೈಮುಗಿದು, ಹೋರಾಟ ಗೆದ್ದದ್ದಕ್ಕೆ ಅಭಿನಂದನೆ ಹೇಳಿದೆ. ಅವರು ನನ್ನ ಮುಖ ನೋಡಿ, ಎಲೆಅಡಿಕೆ ಉಗುಳಿ, ಸರಿದು ಕೂತರು. ಒಳಗಿನಿಂದ ಬಂದ ಕಾರ್ಯದರ್ಶಿ ಮರುಳಸಿದ್ದಪ್ಪನವರು ನನ್ನನ್ನು ಪಕ್ಕಕ್ಕೆ ಕರೆದು, ಆಯಮ್ಮ ಬರುವುದೇ ಸಂಘದ ಜೊತೆ ಜಗಳ ಆಡಲಿಕ್ಕೆ, ಅಭಿನಂದನೆ ಹೇಳುವುದಿದ್ದರೆ ನನಗೆ ಹೇಳಿ ಎಂದರು. ವಿಜಯೋತ್ಸವದ ಶಾಲು ಇನ್ನೂ ಅವರ ಹೆಗಲ ಮೇಲಿತ್ತು. ಮೆರವಣಿಗೆ ಮುಗಿದು ಎರಡು ತಿಂಗಳಾಗಿತ್ತು.

ಸಂಡೂರು ಗುಡ್ಡದ ಅದಿರಿಗೆ ಚೀನಾದಲ್ಲಿ ಬಂಗಾರದ ಬೆಲೆ ಬಂದ ಕಾಲ ಅದು. ಇಲ್ಲಿನ ಗಣಿಯಲ್ಲಿ ಕೆಲಸ ನಡೆಯುತ್ತಿದ್ದದ್ದು ಜೋಡಿಯಲ್ಲಿ. ಗಂಡ ಅಂಜಿನೇಯ ಹಾರೆ ಹಾಕಿ ಕಲ್ಲು ಕೆಡವುತ್ತಿದ್ದ. ಹೊಳೆಮ್ಮ ಅದನ್ನು ಸುತ್ತಿಗೆಯಿಂದ ಸಣ್ಣಗೆ ಒಡೆದು, ಮಣ್ಣು ಬೇರೆ ಮಾಡಿ, ಗುಡ್ಡೆ ಹಾಕುತ್ತಿದ್ದರು. ಕೂಲಿ ಗುಡ್ಡೆಗೆ, ಗುಡ್ಡೆ ಗಂಡಸಿನ ಹೆಸರಿಗೆ. ಅದರಲ್ಲಿ ಯಾರ ಕೈ ಎಷ್ಟು ಅಂತ ಯಾರೂ ಕೇಳುತ್ತಿರಲಿಲ್ಲ.

ಅದಿರಿನ ಬೆಲೆ ಏರಿದರೂ ಕೂಲಿ ಇದ್ದಲ್ಲೇ ಇತ್ತು. ಮರುಳಸಿದ್ದಪ್ಪನವರು ಸಂಘ ಕಟ್ಟಿದರು: ಗುಡ್ಡೆ ಲೆಕ್ಕ ಬೇಡ, ದಿನಗೂಲಿ ಬೇಕು, ಪಿ.ಎಫ್. ಬೇಕು. ಮುಷ್ಕರದ ದಿನ ಅವರು ಬೇವಿನ ನೆರಳಲ್ಲಿ ನಿಂತು ಭಾಷಣ ಮಾಡಿದರು. ಬಿಸಿಲಲ್ಲಿ ಲಾರಿಗಳ ಮುಂದೆ ಕೂತವರು ಹೆಂಗಸರು. ಹೆಂಗಸರ ಮೇಲೆ ಗಾಡಿ ಹತ್ತಿಸಲು ಡ್ರೈವರುಗಳು ಹೆದರುತ್ತಾರೆ ಎಂಬುದು ಸಂಘದ ಲೆಕ್ಕಾಚಾರ. ಅದು ಸರಿಯಾಗಿಯೇ ಇತ್ತು. ಕಂಪನಿ ಒಪ್ಪಿತು.

ದಿನಗೂಲಿಗೆ ಹೆಸರು ಬರೆದುಕೊಳ್ಳಲು ಬಂದ ಕಂಪನಿ ಗುಮಾಸ್ತ, ವಾಡಿಕೆಯಂತೆ ಗುಡ್ಡೆಗೊಂದು ಹೆಸರು ಕೇಳುತ್ತ ಹೋದ. ಅಂಜಿನೇಯ ನೀರು ತರಲು ಹೋಗಿದ್ದ. ಹೊಳೆಮ್ಮ ಮದುವೆಯಾದಂದಿನಿಂದ ಗಂಡನ ಹೆಸರು ಬಾಯಿಬಿಟ್ಟು ಹೇಳಿದವರಲ್ಲ. ಹೇಳುವ ಪ್ರಸಂಗ ಬಂದರೆ ಪಕ್ಕದ ಗುಡ್ಡೆಯ ಹುಸೇನಮ್ಮ ಹೇಳುತ್ತಿದ್ದಳು. ಆವತ್ತು ಅವಳೂ ಇರಲಿಲ್ಲ. ಗುಮಾಸ್ತ ಮುಂದಿನ ಗುಡ್ಡೆಗೆ ಹೊರಟ. ಎಲ್ಲಿ ಹೆಸರು ತಪ್ಪಿಹೋಗುತ್ತದೋ ಎಂದು ಹೊಳೆಮ್ಮ ಸೆರಗು ಬಾಯಿಗೆ ಹಿಡಿದು, ಜೀವಮಾನದಲ್ಲಿ ಮೊದಲ ಸಲ, ಅಂಜಿನೇಯ ಎಂದು ಕೂಗಿ ಹೇಳಿದರು. ಹೆಸರು ಗುಡ್ಡೆಯದು, ಗುಡ್ಡೆ ಇಬ್ಬರದು ಎಂಬುದು ಅವರ ತಿಳಿವಳಿಕೆ.

ಮರುವಾರ ಗೇಟಿನಲ್ಲಿ ಹೆಸರಿದ್ದವರನ್ನಷ್ಟೇ ಒಳಗೆ ಬಿಟ್ಟರು. ಸಣ್ಣಗೆ ಒಡೆಯುವ ಕೆಲಸಕ್ಕೆ ಮಿಷನ್ ಬಂದಿತ್ತು. ಹೊಸ ಕೂಲಿ ಕೊಟ್ಟು ಹೆಂಗಸರನ್ನು ಇಟ್ಟುಕೊಳ್ಳುವುದಕ್ಕಿಂತ ಅದೇ ಅಗ್ಗ ಎಂದಿತು ಕಂಪನಿ. ಅಂಜಿನೇಯನ ಕೂಲಿ ಏರಿತು. ಮನೆಗೆ ಬರುವ ದುಡ್ಡು ಇಳಿಯಿತು.

ಹೊಳೆಮ್ಮ ಈಗ ನಾಟಿ ಕಾಲದಲ್ಲಿ ಟೆಂಪೊ ಹತ್ತಿ ಕಂಪ್ಲಿಯ ಗದ್ದೆಗಳಿಗೆ ಹೋಗುತ್ತಾರೆ. ಉಳಿದ ದಿನ, ಲಾರಿ ತುಂಬುವ ಕೆಲಸಕ್ಕಾದರೂ ನನ್ನ ಹೆಸರು ಬರೆಸಿ ಎಂದು ಇಲ್ಲಿ ಬಂದು ಕೂಡುತ್ತಾರೆ. ಸಂಘ ಸದಸ್ಯರ ಪರ ಮಾತ್ರ ಮಾತಾಡುತ್ತದೆ, ಸದಸ್ಯರಾಗಲು ಕಂಪನಿಯಲ್ಲಿ ಹೆಸರಿರಬೇಕು ಎನ್ನುತ್ತಾರೆ ಮರುಳಸಿದ್ದಪ್ಪನವರು. ಕಂಪನಿ, ನಿಮ್ಮ ಸಂಘವನ್ನೇ ಕೇಳಿ ಎನ್ನುತ್ತದೆ. ಒಂದೇ ಮನೆಗೆ ಎರಡು ನೌಕರಿ ಕೇಳುವುದು ದುರಾಸೆಯಲ್ಲವೇ ಎಂದು ಕಾರ್ಯದರ್ಶಿಗಳು ನಾನು ಮತ್ತೊಂದು ದಿನ ಹೋದಾಗ ಚಹಾ ತರಿಸಿ ನನಗೆ ತಿಳಿಹೇಳಿದರು. ಅವರ ಶ್ರೀಮತಿ ಸಂಡೂರಿನಲ್ಲಿ ಟೀಚರು.

ಚಹಾದ ಲೋಟ ಕೆಳಗಿಟ್ಟು ಅವರು ಬಾಗಿಲಾಚೆ ಕೇಳುವಂತೆ ಅಂದರು: "ನಿನ್ನ ಗಂಡನ ಕೂಲಿ ಏರಿಸಿದ್ದು ಯಾರಬೇ?"

"ಏರಿಸಿದ್ದು ನೀವ ರೀ," ಎಂದರು ಹೊಳೆಮ್ಮ ಕೂತಲ್ಲಿಂದಲೇ. "ಲಾರಿ ಗಾಲಿ ಮುಂದ ಕುಂತಿದ್ದು ನಾವು."

ಕಾರ್ಯದರ್ಶಿಗಳು ಶಾಲು ಸರಿಮಾಡಿಕೊಂಡು ಒಳಗೆ ಹೋದರು. ಸುಮ್ಮನೆ ಇರಲಾರದೆ ನಾನು ಕೇಳಿದೆ: "ಹಂಗಾರ ಸಂಘಾನ ಇರಬಾರದಾಗಿತ್ತು ಅಂತೀರೇನು?"

ಹೊಳೆಮ್ಮ ನನ್ನನ್ನು ಮೊದಲ ದಿನದ ಹಾಗೇ ನೋಡಿದರು.

"ಸಂಘ ಬ್ಯಾಡ ಅಂತ ಯಾವಾಗ ಅಂದೆ? ನನ್ನ ಹೆಸ್ರು ಬರೀರಿ ಅಂದೆ."