ಟ್ಯಾಬಿನೊಳಗಿನ ಹೊಲ

ಸತ್ತವರು ಕನಸಿನಲ್ಲಿ ಬಂದಿದ್ದರು ಎಂದು ಯಾರಾದರೂ ಹೇಳಿದರೆ, ರಾತ್ರಿ ಏನು ಉಂಡಿದ್ದಿರಿ ಎಂದು ಕೇಳುವ ಜಾತಿಯವನು ನಾನು. ಈ ಮಾತಿನಿಂದ ನಮ್ಮ ಅತ್ತೆಯವರಿಗೆ ಎರಡು ಸಲ ಸಿಟ್ಟು ಬಂದಿದೆ. "ನಿಮ್ಮ ತಲ್ಯಾಗ ಸ್ಕ್ರೂಡ್ರೈವರ್ ಬಿಟ್ರ ಬ್ಯಾರೆ ಏನೂ ಇಲ್ಲ ನೋಡ್ರಿ" ಎಂದು ನನ್ನ ಹೆಂಡತಿ ಆಗಾಗ ಅನ್ನುತ್ತಾಳೆ. ಅದನ್ನು ಹೊಗಳಿಕೆ ಎಂದೇ ತಿಳಿದು ಇಷ್ಟು ವರ್ಷ ಕಳೆದವನು ನಾನು. ಹೀಗಿರುವಾಗ ಈಗ ಬರೆಯುತ್ತಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಇನ್ನೂ ಜೋರಾಗಿ ನಗುತ್ತಿದ್ದೆ.

ನನ್ನ ಮನೆ ಬ್ಯಾಡಗಿಯಲ್ಲಿ, ಅಂಗಡಿ ರಾಣೆಬೆನ್ನೂರಿನಲ್ಲಿ. ಮೊಬೈಲು, ಟ್ಯಾಬು ರಿಪೇರಿ ಮಾಡುತ್ತೇನೆ. ಇದರ ಜೊತೆಗೆ ನನಗೊಂದು ಚಟವಿದೆ, ವಿಡಿಯೋ ಗೇಮ್ ಆಡುವುದು. ತಲೆ ಅರ್ಧ ನೆರೆತ ಮನುಷ್ಯ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕತ್ತಿ ಹಿಡಿದು ಗುಹೆ ಹೊಕ್ಕು ರಾಕ್ಷಸರನ್ನು ಕಡಿಯುತ್ತ ಕೂತಿರುವುದನ್ನು ನೋಡಿ ಪಕ್ಕದ ಚಹಾದಂಗಡಿಯವರು ಮೊದಮೊದಲು ನಗುತ್ತಿದ್ದರು, ಈಗ ರೂಢಿಯಾಗಿದೆ. ಆಟಗಳಿಗೆ ಮಾಡ್ ಎಂಬುದನ್ನು ಸೇರಿಸಲು ಬರುತ್ತದೆ. ಆಟ ತಯಾರಿಸಿದವರು ಕೊಡದೆ ಇದ್ದದ್ದನ್ನು ಆಡುವವರೇ ಮಾಡಿಕೊಂಡು ಒಳಗೆ ಸೇರಿಸುತ್ತಾರೆ, ಹೊಸ ಬಟ್ಟೆ, ಹೊಸ ಮನೆ, ಹೊಸ ಬೆಳೆ, ಹೀಗೆ. ಒಂದಕ್ಕೊಂದು ಹೊಂದದಿದ್ದರೆ ಆಟ ಕೆಟ್ಟು ನಿಲ್ಲುತ್ತದೆ. ಅದನ್ನು ಸರಿಮಾಡುವವನು ಈ ಸುತ್ತಿನಲ್ಲಿ ನಾನೊಬ್ಬನೇ ಎಂಬ ಜಂಬ ನನಗೆ ಮೊದಲಿನಿಂದಲೂ ಇತ್ತು.

ಒಂದು ಮಧ್ಯಾಹ್ನ ರೇಣುಕಮ್ಮ ಎಂಬ ಹೆಣ್ಣುಮಗಳು ಅಂಗಡಿಗೆ ಬಂದರು. ಮೇಡ್ಲೇರಿಯ ಕಡೆಯವರು, ನಲವತ್ತರ ಆಸುಪಾಸು, ಬೀಜದ ಕಂಪನಿಗೆ ಬೆಳೆಯುವ ಹೊಲಗಳಲ್ಲಿ ಕೂಲಿ ಕೆಲಸ. ಟವೆಲಿನಲ್ಲಿ ಸುತ್ತಿದ್ದ ಒಂದು ಟ್ಯಾಬನ್ನು ಮೇಜಿನ ಮೇಲೆ ಇಟ್ಟರು.

"ಅಣ್ಣಾರ, ಇದ್ರಾಗಿನ ಆಟ ಚಾಲೂ ಆಗವಲ್ದ್ರಿ. ಬರೇ ಕರೀ ಪರದೆ ಬರ್ತೈತಿ."

ಮಕ್ಕಳ ಆಟವಿರಬೇಕು ಎಂದುಕೊಂಡು, "ಮಗನ್ನ ಕಳಿಸ್ರಿ, ಅಂವಗ ತೋರಿಸ್ತೇನಿ" ಎಂದೆ.

"ಮಕ್ಕಳಿಲ್ರಿ ನಮಗ. ನಾನ ಆಡ್ತೇನ್ರಿ. ನಾನು, ನಮ್ಮನಿಯವರು" ಎಂದರು. ಸ್ವಲ್ಪ ತಡೆದು, "ಅವರು ತೀರಿಕೊಂಡು ನಾಕು ತಿಂಗಳಾತ್ರಿ" ಎಂದರು.

ನಾನು ಸ್ಟೂಲು ಸರಿಸಿ ಕೂರಲು ಹೇಳಿದೆ.

ಅವರ ಗಂಡ ಫಕ್ಕೀರೇಶ. ಹೆಸರನ್ನು ಅವರು ಬಾಯಲ್ಲಿ ಹೇಳಲಿಲ್ಲ, ಟ್ಯಾಬಿನ ಹಿಂದೆ ಅಂಟಿಸಿದ್ದ ಚೀಟಿಯಲ್ಲಿ ಓದಿದೆ. ಇಬ್ಬರೂ ಮೊದಲು ಒಂದೇ ಮೆಣಸಿನ ಹೊಲದಲ್ಲಿ ಕ್ರಾಸಿಂಗ್, ಅಂದರೆ ಹೂವಿಗೆ ಹೂವು ಕೂಡಿಸುವ ಕೆಲಸ, ಮಾಡುತ್ತಿದ್ದವರು. ನಾನು ಬ್ಯಾಡಗಿಯವನಾದರೂ ಮೆಣಸಿನಕಾಯಿ ಒಣಗಿ ಚೀಲಕ್ಕೆ ಬಿದ್ದ ಮೇಲಷ್ಟೇ ನನಗೆ ಅದರ ಪರಿಚಯ. ಹೂವಿನ ಸುದ್ದಿ ಗೊತ್ತಿರಲಿಲ್ಲ. ಅವರೇ ಹೇಳಿಕೊಟ್ಟರು. ಹೈಬ್ರಿಡ್ ಬೀಜ ಬೇಕೆಂದರೆ ಸಂಜೆ ಹೊತ್ತು ಅರಳದ ಮೊಗ್ಗನ್ನು ಬಿಡಿಸಿ ಒಳಗಿನ ಗಂಡು ಭಾಗ ತೆಗೆಯಬೇಕು, ಗುರುತಿಗೆ ಕೆಂಪು ದಾರ ಕಟ್ಟಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪರಾಗದ ಪುಡಿಯನ್ನು ಅದಕ್ಕೆ ಮುಟ್ಟಿಸಬೇಕು. "ಮುಂಜಾನಿ ಮುಟ್ಟಸ್ಲಿಲ್ಲಂದ್ರ ಸಂಜೀ ಕೆಲಸೆಲ್ಲಾ ನೀರಾಗ ಹೋದಂಗ್ರಿ. ಮೊಗ್ಗು ಉದರೇ ಬಿಡ್ತೈತಿ" ಎಂದರು. ಫಕ್ಕೀರೇಶ ಸಂಜೆಯ ಕೆಲಸದಲ್ಲಿ ಪಳಗಿದವ, ಈಕೆ ಬೆಳಗಿನ ಕೆಲಸದಲ್ಲಿ.

ಆಮೇಲೆ ಫಕ್ಕೀರೇಶ ಕಿಡ್ನಿ ಕೆಟ್ಟು ಎರಡು ವರ್ಷ ಹಾಸಿಗೆ ಹಿಡಿದ. ಹೊತ್ತು ಹೋಗಲಿ ಎಂದು ಸಂಬಂಧಿಕರು ಯಾರೋ ಹಳೆಯ ಟ್ಯಾಬು ಕೊಟ್ಟರು. ಅದರಲ್ಲಿ ಹಳ್ಳಿಯೊಂದರಲ್ಲಿ ಹೊಲ ಮಾಡಿಕೊಂಡು ಬದುಕುವ ಒಂದು ಆಟ. ಆ ಆಟದ ಬೆಳೆ ನೋಡಿ ಅವನಿಗೆ ನಗು ಬಂದಿತಂತೆ, ಬೀಜ ಹಾಕಿ ನೀರು ಬಿಟ್ಟರೆ ಮುಗಿಯಿತು. "ಹಿಂಗ ಎಲ್ಯರ ಬೆಳಿ ಬರ್ತೈತೇನ?" ಎಂದು ಹಟ ಹಿಡಿದು, ಮಲಗಿದಲ್ಲಿಂದಲೇ ವಿಡಿಯೋ ನೋಡಿ ನೋಡಿ ಕಲಿತು, ತನ್ನದೇ ಒಂದು ಮಾಡ್ ತಯಾರಿಸಿದ. ಆರು ಸಾಲು ಮೆಣಸಿನ ಗಿಡ. ಸಂಜೆ ಮೊಗ್ಗು ಬಿಡಿಸಿದರೆ ಕೆಂಪು ದಾರ, ಬೆಳಿಗ್ಗೆ ಪುಡಿ ಮುಟ್ಟಿಸಿದರೆ ಬಿಳಿ ದಾರ, ಮುಟ್ಟಿಸದೆ ಆ ದಿನ ದಾಟಿದರೆ ಮೊಗ್ಗು ನೆಲಕ್ಕೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ಮನುಷ್ಯ! ನನಗೆ ಮಾಡ್ ಸೇರಿಸಲು ಬರುತ್ತದೆ, ಮಾಡಲು ಬರುವುದಿಲ್ಲ. ಅವನು ಬದುಕಿದ್ದರೆ ಕಾಲು ಮುಟ್ಟಿ ಬರುತ್ತಿದ್ದೆ.

ಆಟದಲ್ಲಿಯೂ ಪಾಲು ಅದೇ. ಸಂಜೆ ಅವನು ತನ್ನ ಕೆಲಸ ಮುಗಿಸಿ ಆಟದ ಪಾತ್ರವನ್ನು ಮಲಗಿಸುತ್ತಿದ್ದ. ಹಾಗೆ ಮಲಗಿಸಿದರೆ ಆ ದಿನದ ಆಟ ಉಳಿದು ಮರುದಿನದ ಬೆಳಗು ಬರುತ್ತದೆ. ನಿಜವಾದ ಹೊಲಕ್ಕೆ ಹೋಗುವ ಮುಂಚೆ ಈಕೆ ಒಲೆಯ ಮುಂದೆ ಕೂತು ಆಟದ ಬೆಳಗಿನ ಕೆಲಸ ಮಾಡುತ್ತಿದ್ದರು. ಕೊನೆಯ ಸಲ ಅವನು ಎರಡು ಸಾಲು ಬಿಡಿಸಿ ಮಲಗಿಸಿದ್ದ. ಅಂದೇ ಉಸಿರು ಕಟ್ಟಿ ದವಾಖಾನೆಗೆ ಒಯ್ದರು, ಮರಳಿ ಬರಲಿಲ್ಲ. ಅಷ್ಟರಲ್ಲಿ ಆಟ ತಾನಾಗಿಯೇ ಹೊಸ ಆವೃತ್ತಿಗೆ ಬದಲಾಗಿ, ಅವನು ತಾನೇ ಮಾಡಿದ್ದೂ ಬೇರೆಯವರಿಂದ ತಂದದ್ದೂ ಸೇರಿ ಹಳೆಯ ಮಾಡ್‌ಗಳು ಹೊಂದದೆ ಕೆಟ್ಟು ನಿಂತಿತ್ತು.

"ಅವರ ಎರಡು ಸಾಲ ಹಂಗ ಅದಾವ್ರಿ. ನಂದು ಮುಟ್ಟಸೂದು ಉಳದೈತಿ. ಅದೊಂದು ಮುಗಿಸಿಬಿಡ್ತೇನಿ ಅಣ್ಣಾರ, ಆಮ್ಯಾಲೆ ಆಟ ಹೋದ್ರ ಹೋಗ್ಲಿ" ಎಂದರು ರೇಣುಕಮ್ಮ. ಅವರು ಅಳಲಿಲ್ಲ. "ನಾಲ್ಕು ದಿನ ಬಿಟ್ಟು ಬರ್ರಿ ಅಕ್ಕಾರ, ಖರೇನ ಮಾಡಿಕೊಡ್ತೇನಿ" ಎಂದು ಮಾತು ಕೊಟ್ಟೆ.

ಅವರು ಹೋದ ಕೂಡಲೇ ಕೆಲಸಕ್ಕೆ ಕೂತೆ. ಇಂಥ ತೊಂದರೆಗೆ ಒಂದು ಕ್ರಮವಿದೆ. ಮಾಡ್‌ಗಳಲ್ಲಿ ಅರ್ಧವನ್ನು ಹೊರಗಿಟ್ಟು ಆಟ ತೆರೆದು ನೋಡುವುದು. ತೆರೆಯದಿದ್ದರೆ ಉಳಿದ ಅರ್ಧದಲ್ಲೇ ಕಳ್ಳನಿದ್ದಾನೆ ಎಂದು ಅದನ್ನು ಮತ್ತೆ ಅರ್ಧ ಮಾಡುವುದು. ಹೀಗೆ ಮಾಡುತ್ತ ಮಾಡುತ್ತ ಕೊನೆಗೆ ಒಂದೇ ಉಳಿಯಿತು, ಫಕ್ಕೀರೇಶ ತಾನೇ ತಯಾರಿಸಿದ ಹೊಲದ ಮಾಡ್. ಅದನ್ನು ತೆಗೆದು ಬೇರೆ ಫೋಲ್ಡರಿಗೆ ಹಾಕಿದೆ. ಆಟ ತೆರೆಯಿತು. ವಸಂತದ ಹದಿನೆಂಟನೆಯ ದಿನ, ಬೆಳಗು. ಹೊಲ ಮಾತ್ರ ಬೋಳು, ಒಂದು ಗಿಡವೂ ಇಲ್ಲ. ಮಾಡ್ ಇಲ್ಲದಿದ್ದರೆ ಗಿಡ ಎಲ್ಲಿಂದ ಬರಬೇಕು ಎಂದುಕೊಂಡೆ. ಆಟದ ಉಳಿದ ಭಾಗ ಸರಿಯಾಗಿ ನಡೆಯುತ್ತದೆಯೋ ನೋಡೋಣ ಎಂದು ಪಾತ್ರವನ್ನು ಮನೆಗೆ ಒಯ್ದು ಮಲಗಿಸಿದೆ. ಹತ್ತೊಂಬತ್ತನೆಯ ದಿನ ಬಂತು.

ಮರುಕ್ಷಣವೇ ತಪ್ಪು ಹೊಳೆಯಿತು. ಮಲಗಿಸಿದರೆ ಆಟ ಉಳಿಯುತ್ತದೆ. ಬೋಳು ಹೊಲವೇ ಉಳಿದಿತ್ತು. ಹಳೆಯದರ ನಕಲು ತೆಗೆದಿಟ್ಟುಕೊಂಡು ಮುಂದುವರಿಯಬೇಕು ಎಂದು ಬಂದವರಿಗೆಲ್ಲ ಉಪದೇಶ ಮಾಡುವ ನಾನೇ ನಕಲು ತೆಗೆದಿರಲಿಲ್ಲ. ಅವಸರ, ಅವಸರ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನನ್ನಂಥವರನ್ನು ನೋಡಿಯೇ ಹೇಳಿದ್ದು. ಆ ಮಾಡನ್ನು ಮತ್ತೆ ಒಳಗೆ ಹಾಕಿ ನೋಡಿದೆ, ಕಪ್ಪು ಪರದೆ. ಮತ್ತೆ ಹೊರಗೆ ತೆಗೆದೆ, ಬೋಳು ಹೊಲ. ಕಡತಗಳನ್ನೆಲ್ಲ ಒಂದೊಂದಾಗಿ ಜಾಲಾಡಿದೆ. ಆ ಎರಡು ಸಾಲುಗಳ ಸುಳಿವು ಎಲ್ಲಿಯೂ ಸಿಗಲಿಲ್ಲ. ಆ ಹೆಣ್ಣುಮಗಳಿಗೆ ಗಂಡನಿಂದ ಉಳಿದಿದ್ದ ಕೊನೆಯ ಕೆಲಸವನ್ನು ನಾನು ಒಂದು ಬೆರಳಿನಿಂದ ಅಳಿಸಿಹಾಕಿದ್ದೆ.

ಟ್ಯಾಬಿನ ಬ್ಯಾಟರಿ ಬೇರೆ ಉಬ್ಬಿತ್ತು. ಅದನ್ನು ಬಿಚ್ಚಿ ಎಸೆದು, ಹುಬ್ಬಳ್ಳಿಯಿಂದ ಹೊಸದು ತರಿಸಲು ಹೇಳಿ, ಟ್ಯಾಬನ್ನು ಹಾಗೆಯೇ ಡ್ರಾಯರಿನಲ್ಲಿ ಇಟ್ಟು ಬೀಗ ಹಾಕಿದೆ. ಬ್ಯಾಟರಿಯೇ ಇಲ್ಲದ ಟ್ಯಾಬು, ಬೀಗದ ಕೈ ನನ್ನ ಉಡುದಾರದಲ್ಲಿ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ ಆಮೇಲೆ ಎಲ್ಲರೂ ಇದನ್ನೇ ಕೇಳಿದ್ದಾರೆ. ಆ ನಾಲ್ಕು ದಿನ ನನಗೆ ಅನ್ನ ಸೇರಲಿಲ್ಲ. ಏನಾತು ಎಂದು ಹೆಂಡತಿ ಕೇಳಿದರೆ ಅವಳ ಮೇಲೆಯೇ ಹರಿಹಾಯ್ದೆ. ಸುಳ್ಳೊಂದನ್ನು ಸಿದ್ಧ ಮಾಡಿಕೊಂಡೆ. ಒಳಗಿನ ಚಿಪ್ ಸುಟ್ಟಿದೆ, ಏನೂ ಉಳಿದಿಲ್ಲ, ನನ್ನ ಕೈಯಲ್ಲಿ ಇಲ್ಲ ಎಂದು ಹೇಳುವುದು. ನಾಚಿಕೆಯಾಗುತ್ತದೆ, ಆದರೆ ಅದು ನಿಜ.

ಬರಲು ಹೇಳಿದ್ದ ದಿನ ಬೆಳಿಗ್ಗೆ, ನಾನು ಅಂಗಡಿಯ ಶಟರ್ ಎತ್ತುವ ಮೊದಲೇ ರೇಣುಕಮ್ಮ ಬಂದು ನಿಂತಿದ್ದರು. ಅವತ್ತು ಕೆಲಸ ಬಿಟ್ಟು ಬಂದಿದ್ದರು. ತಲೆಗೆ ಎಣ್ಣೆ ಹಚ್ಚಿ ಬಾಚಿ, ಹಸಿರು ಸೀರೆ ಉಟ್ಟಿದ್ದರು. ಬ್ಯಾಟರಿ ಹಿಂದಿನ ಸಂಜೆ ಬಂದಿತ್ತು. ಅದನ್ನು ಅವರ ಎದುರಿಗೇ ಟ್ಯಾಬಿಗೆ ಕೂರಿಸಿದೆ. ಕೂಡಲೇ ಸುಳ್ಳು ಹೇಳುವುದು ಬಿಟ್ಟು ಟ್ಯಾಬು ಯಾಕೆ ಚಾಲೂ ಮಾಡಿದೆನೋ, ಇನ್ನೊಂದು ಗಳಿಗೆ ಮುಂದೂಡುವ ಹೇಡಿತನ ಇರಬೇಕು. ಅವರು ಕೈ ಚಾಚಿ ತಾವೇ ಆಟವನ್ನು ಒತ್ತಿದರು. ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ.

"ಅಯ್ಯ ಶಿವನ! ಏನ್ರಿ ಇದು" ಎಂದರು.

ತಿರುಗಿದೆ. ಪರದೆಯಲ್ಲಿ ಗಿಡಗಳಿದ್ದವು. ಎರಡಲ್ಲ, ಆರು ಸಾಲೂ. ಪ್ರತಿ ಗಿಡದಲ್ಲೂ ಕೆಂಪು ದಾರ. ಮೂಲೆಯಲ್ಲಿ ದಿನ ನೋಡಿದೆ, ವಸಂತದ ಹತ್ತೊಂಬತ್ತು, ಬೆಳಗು. ನಾನು ಮಲಗಿಸಿ ಎಬ್ಬಿಸಿದ್ದ ಅದೇ ದಿನ. ಹಳೆಯ ಆಟ ಹೇಗೋ ಮರಳಿ ಬಂದಿದ್ದರೆ ಹದಿನೆಂಟು ಇರಬೇಕಿತ್ತು, ಎರಡೇ ಸಾಲಿಗೆ ದಾರ ಇರಬೇಕಿತ್ತು. ಸ್ಟೂಲು ಎಳೆದುಕೊಂಡು ಕುಳಿತೆ.

ರೇಣುಕಮ್ಮನಿಗೆ ದಿನಗಿನದ ಲೆಕ್ಕ ಬೇಕಿರಲಿಲ್ಲ. ಅವರು ಪರದೆಯನ್ನೇ ಬೈಯತೊಡಗಿದ್ದರು. "ಎಷ್ಟ್ ಸಲ ಹೇಳೇನ್ರಿ ನಿಮಗ, ನನ್ನ ಕೈಲೆ ಆಗೂವಷ್ಟ ಬಿಡಸ್ರಿ ಅಂತ! ಆರೂ ಸಾಲ ಬಿಡಸಿ ಕುಂತ್ರ ನಾನೊಬ್ಬಾಕಿ ಹೆಂಗ ಮುಗಸ್ಲಿ?" ಎನ್ನುತ್ತಿದ್ದಂತೆ ನಗು ಬಂತು, ನಗುತ್ತಿದ್ದಂತೆ ಅಳು ಬಂತು. ಸೆರಗಿನಿಂದ ಕಣ್ಣು ಒರೆಸಿಕೊಂಡು ಕೆಲಸಕ್ಕೆ ಕೂತರು. ಆಟದಲ್ಲಿ ಹೊತ್ತು ಬೇಗ ಏರುತ್ತದೆ. ನಾಲ್ಕನೆಯ ಸಾಲು ಮುಗಿಯುವಷ್ಟರಲ್ಲಿ ಬೆಳಗು ಕಳೆಯುತ್ತ ಬಂದಿತ್ತು. ಟ್ಯಾಬನ್ನು ನನ್ನ ಕಡೆ ತಳ್ಳಿ, "ನೀವೂ ಒಂದ್ ಸಾಲ ಹಿಡೀರಿ ಅಣ್ಣಾರ, ಲಗೂ ಮಾಡ್ರಿ, ಬಿಸಲಾತಂದ್ರ ಹೋತು" ಎಂದರು. ಐದನೆಯ ಸಾಲನ್ನು ನಾನು ಮಾಡಿದೆ. ಒಂದೊಂದು ಕೆಂಪು ದಾರವೂ ಬಿಳಿಯಾಗುವುದನ್ನು ಕಣ್ಣಾರೆ ಕಂಡೆ. ಆರನೆಯದನ್ನು ಅವರೇ ಮುಗಿಸಿ, ಪಾತ್ರವನ್ನು ಮನೆಗೆ ಕರೆದೊಯ್ದು ಮಲಗಿಸಿದರು.

ಕೊಡುವ ಮುಂಚೆ ಐದು ನಿಮಿಷ ಕೇಳಿಕೊಂಡು ಒಳಗಿನ ಕಡತಗಳನ್ನು ನೋಡಿದೆ. ಹೊಲದ ಮಾಡ್ ನಾನು ಎತ್ತಿಟ್ಟ ಬೇರೆ ಫೋಲ್ಡರಿನಲ್ಲೇ ಇತ್ತು, ಆಟದೊಳಗೆ ಇರಲೇ ಇಲ್ಲ. ಈ ಸಲ ನಕಲು ತೆಗೆದುಕೊಂಡೆ. ಮನೆಗೆ ಹೋಗಿ ನನ್ನ ಟ್ಯಾಬಿನಲ್ಲಿ ತೆರೆದರೆ ಇಪ್ಪತ್ತನೆಯ ದಿನ, ಬೋಳು ಹೊಲ. ಹಾವೇರಿಯಲ್ಲಿ ಇದೇ ಕಸುಬಿನ ಗೆಳೆಯನೊಬ್ಬನಿದ್ದಾನೆ. ಆಟ ಇಂಟರ್‌ನೆಟ್ಟಿನಲ್ಲಿ ಎಲ್ಲೋ ಉಳಿದು ಮರಳಿ ಬಂದಿರಬೇಕು ಎಂದ. ಅಂಗಡಿಯಲ್ಲಿ ಟ್ಯಾಬಿಗೆ ನೆಟ್ಟೇ ಹಚ್ಚಿರಲಿಲ್ಲ, ಹಚ್ಚಿದ್ದರೂ ಹತ್ತೊಂಬತ್ತು ಎಲ್ಲಿಂದ ಬಂತು ಎಂದೆ. ನಿನಗೆ ನಿದ್ದೆ ಕಡಿಮೆಯಾಗಿದೆ ಎಂದ. ಅವನ ಮೇಲೆ ಸಿಟ್ಟಿಲ್ಲ, ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಆ ಐದನೆಯ ಸಾಲನ್ನು ಮಾಡಿದ್ದು ನಾನು.

ಅಳಿಸಿದ ವಿಷಯ ಮಾತ್ರ ಅವರಿಗೆ ಹೇಳಿರಲಿಲ್ಲ. ಹದಿನೈದು ದಿನ ತಡೆದೆ, ಆಮೇಲೆ ಗಾಡಿ ತೆಗೆದುಕೊಂಡು ಮೇಡ್ಲೇರಿಯ ಕಡೆ ಹೋದೆ. ರೇಣುಕಮ್ಮ ಬದುವಿನ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದರು. ನನಗೂ ಒಂದು ಮುರಿದುಕೊಟ್ಟರು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿದೆ. ನಕಲು ತೆಗೆಯದೆ ಮಲಗಿಸಿದ್ದು, ಅವರ ಯಜಮಾನರ ಎರಡು ಸಾಲು ನನ್ನ ಕೈಯಿಂದ ಅಳಿಸಿಹೋದದ್ದು, ಸುಳ್ಳು ಹೇಳಲು ಸಿದ್ಧನಾಗಿ ನಿಂತಿದ್ದು. ಬೈಯಲಿ ಎಂದು ಕಾದೆ.

ಅವರು ಬಾಯಲ್ಲಿದ್ದ ತುತ್ತು ನುಂಗಿ, ಇಷ್ಟು ದಿನ ಬಿಡಿಸದೆ ಉಳಿದಿದ್ದ ಒಂದು ಲೆಕ್ಕ ಸಿಕ್ಕಿತು ಎನ್ನುವಂತೆ ತಲೆಯಾಡಿಸಿದರು.

"ಹಂಗನ್ರಿ... ಅದಕ್ಕ ಅವರು ಮತ್ತ ಮೊದಲಿಂದ ಬಿಡಸ್ಯಾರ."

ನನ್ನ ಬಳಿ ಇದಕ್ಕಿಂತ ಒಳ್ಳೆಯ ಉತ್ತರ ಇಂದಿಗೂ ಇಲ್ಲ.